ಮೂವತ್ತೇಳನೇ ನಂಬರಿನ ಗುಳಿಗಿ

ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಮನೆ ನೋಡಲು ಹೋಗುವ ಪದ್ಧತಿ ಇದೆ. ಹುಡುಗನನ್ನು ನೋಡುವುದು ಬರೀ ನೆಪ. ನಿಜವಾಗಿ ನೋಡುವುದು ಬಚ್ಚಲು, ಹಿತ್ತಲು, ದನದ ಕೊಟ್ಟಿಗೆ, ಮತ್ತು ಅತ್ತೆಯಾಗುವವಳು ಚಹಾ ತಂದಿಡುವಾಗ ಅಂಚು ಒಡೆದ ಬಸಿಯನ್ನು ಯಾರ ಮುಂದೆ ಇಡುತ್ತಾಳೆ ಎಂಬುದನ್ನು. ನೆಂಟರಿಷ್ಟರೆಲ್ಲ ಇಂಥ ತಪಾಸಣೆಗೆ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ. ಬೈಲಹೊಂಗಲದ ಮಾರುಕಟ್ಟೆ ಪ್ರಾಂಗಣದಲ್ಲಿ ಕಾಳಿನ ಚೀಲಕ್ಕೆ ಕೊಳವೆ ಚುಚ್ಚಿ, ತಳದ ಮಾಲು ಹೊರಗೆಳೆದು ನೋಡುವುದು ನನ್ನ ಕೆಲಸ. ಚೀಲದ ಬಾಯಲ್ಲಿ ಕಾಣುವ ಕಡಲೆ ಯಾವತ್ತೂ ಬಂಗಾರದಂತೆಯೇ ಇರುತ್ತದೆ. ಇಷ್ಟು ವರ್ಷ ಅದನ್ನೇ ನೋಡಿ ನೋಡಿ, ಬಾಯಿ ನೋಡಿ ನಂಬುವ ಶಕ್ತಿಯೇ ನನಗೆ ಹೊರಟುಹೋಗಿದೆ. ಮನೆಯಲ್ಲಿ ಇದನ್ನು ಅನುಭವ ಎಂದು ಯಾರೂ ಕರೆಯುವುದಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಒಮ್ಮೆ ಮರಳಿ ಬಂದು, ಆಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಬಂದು, ಬಸ್ ತಪ್ಪಿಸಿಕೊಂಡವನು ನಾನು.

ಧಾರವಾಡದ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಒಂದು ಭಾನುವಾರ ಬಂದವಳು, ನನ್ನ ತಾಟಿಗೆ ರೊಟ್ಟಿ ಹಾಕುತ್ತ, ತಾನು ಒಬ್ಬನನ್ನು ಮದುವೆಯಾಗಬೇಕೆಂದಿದ್ದೇನೆ ಎಂದಳು.

"ಏನ್ ಮಾಡ್ತಾನ?" ಎಂದೆ.

"ಸೈಕಲ್ ಹೊಡೀತಾನ."

"ಹೊಡೀಲಿ, ಆರೋಗ್ಯಕ್ಕ ಚಲೋ. ಮಾಡೋದೇನು?"

"ಅದನ್ನ ಮಾಡ್ತಾನ ಅಪ್ಪಾ. ರೇಸಿನ ತಂಡ ಐತಿ, ಅದಕ್ಕ ಪಗಾರ ಕೊಡ್ತಾರ."

ರೊಟ್ಟಿಯ ಚೂರು ಅರ್ಧ ದಾರಿಯಲ್ಲಿ ನಿಂತಿತು. ಹೆಂಡತಿ ನೀರಿನ ಲೋಟ ನನ್ನ ಕಡೆ ಸರಿಸಿದಳು. ಅವಳಿಗೆ ಮೊದಲೇ ಗೊತ್ತಿತ್ತು ಎಂಬ ಸಂಶಯ ನನಗೆ ಆಗಲೇ ಬಂತು, ಈಗಲೂ ಇದೆ.

ಹುಡುಗ ವಿಜಯಪುರದ ಕಡೆಯವನು. ತಂದೆ ಇಲ್ಲ, ತಾಯಿ ಹಿರಿಯ ಮಗನ ಹತ್ತಿರ ಇರುತ್ತಾಳೆ. ಇವನು ವರ್ಷದ ಬಹುಪಾಲು ತಂಡದ ಜೊತೆ ಊರೂರು ತಿರುಗುತ್ತಾನೆ. "ಹಂಗಾರ ನಾವು ಮನಿ ನೋಡಾಕ ಎಲ್ಲಿಗೆ ಹೋಗೋದು?" ಎಂದರೆ, "ಅವನ ಮನಿ ಅಂದ್ರ ರಸ್ತೇನ. ರಸ್ತಿ ನೋಡು," ಎಂದಳು. ಆ ರಸ್ತೆಯೂ ಮುಂದಿನ ತಿಂಗಳು ನಮ್ಮೂರಿಗೇ ಬರುವುದಿತ್ತು. ಮೂರು ದಿನದ ರೇಸು. ಮೊದಲ ದಿನ ಬೈಲಹೊಂಗಲದಿಂದ ಕಿತ್ತೂರು, ಎರಡನೇ ದಿನ ಕಿತ್ತೂರಿನಿಂದ ಸವದತ್ತಿ, ಮೂರನೇ ದಿನ ಸವದತ್ತಿಯಿಂದ ರಾಮದುರ್ಗ.

"ಮೂರೂ ದಿನ ನೋಡು," ಎಂದಳು ಮಗಳು. "ಅವಗ ನಿನ್ನ ಗುರ್ತಿಲ್ಲ, ಫೋಟೋನೂ ತೋರಿಸಿಲ್ಲ. ಕಡೀ ದಿನ ನಾ ರಾಮದುರ್ಗಕ್ಕ ಬರ್ತೀನಿ. ಅಲ್ಲಿ ಹೂಂ ಅನ್ನು ಇಲ್ಲಾ ಊಂಹೂಂ ಅನ್ನು. ವಿಚಾರ ಮಾಡ್ತೇನಿ ಅಂತ ಮಾತ್ರ ಅನ್ನಬ್ಯಾಡ. ನೀ ಒಲ್ಲೆ ಅಂದ್ರ ನಾ ಓಡಿಹೋಗಾಕಿ ಅಲ್ಲ. ಆದ್ರ ಮತ್ತೊಬ್ಬನ್ನ ತೋರಿಸಾಕ ಬರಬ್ಯಾಡ."

ಆಮೇಲೆ ಒಂದು ಚೀಟಿಯಲ್ಲಿ ಅವನ ಅಂಗಿಯ ನಂಬರು ಬರೆದುಕೊಟ್ಟಳು. ಮೂವತ್ತೇಳು.

ಸ್ಕೂಟರಿನ ಹಿಂದೆ ಕೂರಲು ಒಬ್ಬ ದೋಸ್ತನನ್ನು ಹಿಡಿದೆ. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಎಲ್ಲಿಗೆ ಬೇಕಾದರೂ ಬರುವವನು. ಅವನಿಗೆ ವಿಷಯ ಹೇಳಿದಾಗ, "ಲೇ, ಹೆಣ್ಣ ಕೊಡಾಕ ಹೊಂಟೀಯೋ ಸಂತ್ಯಾಗ ಎತ್ತ ಹಿಡೀಯಾಕ ಹೊಂಟೀಯೋ?" ಎಂದ. ಆದರೆ ತನ್ನ ದುರ್ಬೀನು ತರಲು ಮರೆಯಲಿಲ್ಲ.

ಮೊದಲ ದಿನವೇ ನನಗೆ ಅನುಮಾನಕ್ಕೆ ಬೇಕಾದಷ್ಟು ಸರಕು ಸಿಕ್ಕಿತು. ಬೈಲಹೊಂಗಲದಿಂದ ಕಿತ್ತೂರಿಗೆ ಬಸ್ಸಿನಲ್ಲಿ ಒಂದು ತಾಸು ಹಿಡಿಯುವುದಿಲ್ಲ. ಇವರು ಎತ್ತೆತ್ತಲೋ ಸುತ್ತು ಹೊಡೆದು ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಮುಟ್ಟುವುದಂತೆ. ನೇರ ದಾರಿ ಇರುವಾಗ ಸುತ್ತಿ ಹೋಗುವವರನ್ನು ನಂಬಬಾರದು ಎಂದುಕೊಂಡೇ ನಾವು ಹೊಲದ ದಾರಿ ಹಿಡಿದು, ಮೂರು ಕಡೆ ಅವರಿಗಿಂತ ಮೊದಲು ಹೋಗಿ ನಿಂತೆವು. ಮೊದಲ ಎರಡು ಕಡೆ ಮೂವತ್ತೇಳು ಎಲ್ಲರಿಗಿಂತ ಮುಂದಿದ್ದ. ನನಗೆ ಅರಿವಿಲ್ಲದೆಯೇ ಎದೆ ಸ್ವಲ್ಪ ಉಬ್ಬಿತು. ಮೂರನೆಯ ಕಡೆ, ಕಿತ್ತೂರು ಇನ್ನೇನು ಬಂತು ಎನ್ನುವಾಗ, ಅವನು ಬಲ ಮೊಣಕೈಯನ್ನು ಕೋಳಿ ರೆಕ್ಕೆ ಬಡಿದಂತೆ ಒಮ್ಮೆ ಅಲ್ಲಾಡಿಸಿದ. ಹಿಂದಿನವರು ಸರಸರನೆ ಮುಂದೆ ಹೋದರು. ಇವನು ಬೇಕೆಂದೇ ಹಿಂದೆ ಉಳಿದ.

"ಕಂಡ್ಯಾ?" ಎಂದೆ ದೋಸ್ತನಿಗೆ. "ಕೈಸನ್ನಿ. ಯಾರಿಗೋ ಬಿಟ್ಟುಕೊಟ್ಟ."

"ದಣದಿರಬೇಕಪಾ."

"ದಣದಾವ ಮೊಣಕೈ ಯಾಕ ಅಲ್ಲಾಡಸ್ತಾನ?"

ಕಿತ್ತೂರಿನಲ್ಲಿ ಅವನು ಬಂದು ಮುಟ್ಟಿದಾಗ ಎಷ್ಟನೆಯವನೆಂದು ಎಣಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೆ. ಹತ್ತಿರದಿಂದ ನೋಡಿದರೆ ಕಾಲಿನ ಮೇಲೆ ಒಂದೂ ಕೂದಲಿಲ್ಲ. ಹೆಂಡತಿಗೆ ಫೋನು ಮಾಡಿ ಹೇಳಿದೆ. "ಬೋಳಸಿರಬೇಕು, ಬಿಡ್ರಿ," ಎಂದಳು. ಗಂಡಸು ಕಾಲು ಯಾಕೆ ಬೋಳಿಸುತ್ತಾನೆ? ಬಯಲಾಟದಲ್ಲಿ ಹೆಣ್ಣು ಪಾತ್ರ ಹಾಕುವವರು ಬೋಳಿಸುವುದನ್ನು ನೋಡಿದ್ದೆ. ಇಲ್ಲವಾದರೆ ಚರ್ಮದ ಬೇನೆ. ಎರಡನ್ನೂ ಮನಸ್ಸಿನಲ್ಲೇ ಬರೆದುಕೊಂಡೆ.

ಅಷ್ಟರಲ್ಲಿ ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ ಹಾಕಿಕೊಂಡ ಒಬ್ಬ ಮನುಷ್ಯ ಬಂದು ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ನಿಂತ. ಮೂವತ್ತೇಳು ಮುಖ ತೊಳೆದರೆ ಅಲ್ಲಿಗೂ ಹೋದ. ನೀರು ಕುಡಿದರೆ ಅದನ್ನೂ ನೋಡಿದ. ಕೊನೆಗೆ ಅವನನ್ನು ಒಂದು ಕೋಣೆಗೆ ಕರೆದೊಯ್ದ. ಬಾಗಿಲಲ್ಲಿ ನಿಂತಿದ್ದ ಸ್ವಯಂಸೇವಕನನ್ನು ಕೇಳಿದೆ.

"ಮೂತ್ರ ಪರೀಕ್ಷೆರಿ ಕಾಕಾ. ದಿನಾ ಒಂದಿಬ್ಬರನ್ನ ಕರೀತಾರ."

ಮೂತ್ರ ಪರೀಕ್ಷೆ! ನನ್ನ ತಲೆಯೊಳಗೆ ಎಲ್ಲ ಒಂದೊಂದಾಗಿ ಬಂದು ಜೋಡಿಸಿಕೊಂಡಿತು. ಬೆಳಗಿನಿಂದ ದುರ್ಬೀನಿನಲ್ಲಿ ನೋಡಿದ್ದೆನಲ್ಲ, ದಾರಿಯುದ್ದಕ್ಕೂ ಸಣ್ಣ ಸಣ್ಣ ಚೀಲ ಹರಿದು ಏನೋ ಸಿಹಿ ಪಾಕ ಹೀರುತ್ತಿದ್ದ. ಕುಡಿದ ನೀರಿಗೆ ಲೆಕ್ಕವೇ ಇಲ್ಲ. ಮೈಯಲ್ಲಿ ಮಾಂಸವಿಲ್ಲ. ಮುಂದೆ ಇದ್ದವನು ಒಮ್ಮೆಲೇ ಸೋತು ಹಿಂದೆ ಬಿದ್ದ. ನಮ್ಮ ಓಣಿಯ ಅರ್ಧ ಗಂಡಸರ ಕಥೆ ಇದು. ಹುಡುಗನಿಗೆ ಸಕ್ಕರೆ ಕಾಯಿಲೆ ಇದೆ, ಮುಚ್ಚಿಟ್ಟಿದ್ದಾನೆ!

ಚಹಾದ ಅಂಗಡಿಯಲ್ಲಿ ಕೂತು ಇದನ್ನು ದೋಸ್ತನಿಗೆ ವಿವರಿಸಿದೆ. ತಳದ ಮಾಲು ಹೊರಗೆ ತೆಗೆದ ಸಂತೋಷಕ್ಕೆ ದನಿ ಸ್ವಲ್ಪ ಏರಿರಬೇಕು.

"ನಾ ಬಲ್ಲೆ ಇಂಥಾವನ್ನ," ಎಂದೆ. "ಅಂವಾ ಓಡಾಕತ್ತಿದ್ದು ಗುಳಿಗಿ ಮ್ಯಾಲ. ಮುಂಜಾನೆ ಗುಳಿಗಿ ನುಂಗಿ ಬಂದಾನ, ಅದರ ಜೋರು ಇರೂತನಕ ಮುಂದ ಹೋದ. ಇಳೀತು, ಹಿಂದ ಬಿದ್ದ. ಅದಕ್ಕ ಪರೀಕ್ಷಾ ಮಾಡಾಕ ಒಯ್ದಾರ."

ಪಕ್ಕದ ಬೆಂಚಿನಲ್ಲಿ ಕೋಲಿಗೆ ಮೊಬೈಲ್ ಸಿಕ್ಕಿಸಿಕೊಂಡ ಒಬ್ಬನಿದ್ದ. ಊರ ಸುದ್ದಿಗಳನ್ನು ವಿಡಿಯೋ ಮಾಡಿ ಹಾಕುವವನು. "ಎಷ್ಟನೇ ನಂಬರ್‍ರಿ ಸಾಹೇಬ್ರ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ನನ್ನ ಪರಿಣತಿಗೆ ಯಾರಾದರೂ ಬೆಲೆ ಕೊಟ್ಟರೆ ನಾನು ಕರಗಿಬಿಡುತ್ತೇನೆ. "ಮೂವತ್ತೇಳು," ಎಂದೆ.

ಎಲ್ಲರನ್ನೂ ಸಂಶಯಿಸುವ ನಾನು ಅವನೊಬ್ಬನನ್ನು ಸಂಶಯಿಸಲಿಲ್ಲ.

ಮರುದಿನ ನವಿಲುತೀರ್ಥದ ಅಣೆಕಟ್ಟಿನ ಹತ್ತಿರ, ಎರಡು ಗುಡ್ಡದ ನಡುವೆ ರಸ್ತೆ ಇಳಿದು ಏರುವಲ್ಲಿ ನಿಂತಿದ್ದೆವು. ಕಾಲೇಜು ಹುಡುಗರ ದೊಡ್ಡ ಗುಂಪು ಅಲ್ಲಿತ್ತು. ಸೈಕಲ್ಲುಗಳು ಕಂಡವು. ಮೂವತ್ತೇಳು ಇವತ್ತು ಮೊದಲಿನಿಂದಲೇ ಹಿಂದಿದ್ದ. ಅಂಗಿಯೊಳಗೆ, ಬೆನ್ನಿಗೆ, ಎದೆಗೆ ನೀರಿನ ಬಾಟಲಿ ತುರುಕಿಕೊಂಡು ತುಂಬು ಬಸುರಿಯ ಹಾಗೆ ಕಾಣುತ್ತಿದ್ದ. ತನ್ನ ತಂಡದವರಿಗೆ ಹಂಚಲು ಒಯ್ಯುತ್ತಿದ್ದಾನೆ ಎಂದು ಯಾರೋ ಹೇಳಿದರು. ನೀರು ಹೊರುವ ನೌಕರಿಯೇ ಇವನದು ಎಂದು ನಾನು ಮುಖ ಸಿಂಡರಿಸುವಷ್ಟರಲ್ಲಿ ಗುಂಪು ಕೂಗಿತು.

"ಏ ಗುಳಿಗಿ! ಮೂವತ್ತೇಳು! ಇವತ್ತ ನುಂಗಿಲ್ಲೇನ್ಲೇ?"

"ಗುಳಿಗಿ! ಗುಳಿಗಿ!"

ಯಾರೋ ಖಾಲಿ ಮಾತ್ರೆಯ ಹಾಳೆಯೊಂದನ್ನು ಅವನ ಮೇಲೆ ಎಸೆದರು. ಅದು ಬಾಟಲಿಗೆ ಬಡಿದು ಕೆಳಗೆ ಬಿತ್ತು. ಅವನು ತಲೆ ಎತ್ತಿ ನೋಡಿದ, ಯಾರನ್ನೂ ಅಲ್ಲ, ಒಟ್ಟು ನಮ್ಮೆಲ್ಲರನ್ನು. ಆಮೇಲೆ ಏರು ಬಂತು, ತಲೆ ತಗ್ಗಿಸಿದ.

ದೋಸ್ತ ತನ್ನ ಮೊಬೈಲ್ ತೆರೆದು ನನ್ನ ಮೂಗಿನ ಮುಂದೆ ಹಿಡಿದ. ವಿಡಿಯೋದಲ್ಲಿ ಕಾಣುವುದು ಎರಡು ಚಪ್ಪಲಿ, ಒಂದು ಚಹಾ ಲೋಟ. ದನಿ ನನ್ನದು. ಮೇಲೆ ದಪ್ಪ ಅಕ್ಷರ: ‘ಗುಳಿಗಿ ಮೇಲೆ ಓಡುತ್ತಿದ್ದಾನೆಯೇ ಮೂವತ್ತೇಳು?’ ಕೊನೆಯ ಪ್ರಶ್ನಾರ್ಥಕ ಚಿಹ್ನೆಯಷ್ಟೇ ಅದರಲ್ಲಿದ್ದ ಮರ್ಯಾದೆ.

"ನಿನ್ನ ಗುಳಿಗಿ ಸೈಕಲ್‍ಕ್ಕಿಂತ ಜೋರ್ ಓಡಾಕತ್ತೈತಿ ನೋಡಪಾ," ಎಂದ ದೋಸ್ತ. ಅವನೂ ನಗಲಿಲ್ಲ.

ಗುಳಿಗಿ ಎಂದರೆ ನಮ್ಮ ವಯಸ್ಸಿನವರಿಗೆ ಬಿ.ಪಿ.ಯದು, ಸಕ್ಕರೆಯದು. ಮುಂಜಾನೆ ಕಟ್ಟೆಯ ಮೇಲೆ ‘ಚಹಾ ಆತೇನ್ರಿ’ ಎನ್ನುವ ಹಾಗೆಯೇ ‘ಗುಳಿಗಿ ಆತೇನ್ರಿ’ ಎಂದು ಕೇಳಿಕೊಳ್ಳುತ್ತೇವೆ. ಆಟದ ಜಗತ್ತಿನಲ್ಲಿ ಅದೇ ಮಾತಿಗೆ ಬೇರೆ ಅರ್ಥ ಇದೆ, ಮೋಸದಿಂದ ಬಲ ಹೆಚ್ಚಿಸಿಕೊಳ್ಳುವ ಔಷಧ ಎಂದು, ನನಗೆ ಹೊಳೆದೇ ಇರಲಿಲ್ಲ. ಆ ಮೂತ್ರ ಪರೀಕ್ಷೆಯೂ ಅದಕ್ಕೇ ಮಾಡುವುದಂತೆ. ಚೀಟಿ ಎತ್ತಿದ ಹಾಗೆ ಯಾರನ್ನಾದರೂ ಕರೆಯುತ್ತಾರಂತೆ. ನನಗೆ ಮೂತ್ರ ಎಂದರೆ ಸಕ್ಕರೆ, ಅಷ್ಟೇ.

ಸವದತ್ತಿ ಮುಟ್ಟುವ ಹೊತ್ತಿಗೆ ಮಗಳ ಫೋನು ಬಂತು.

"ಅಪ್ಪಾ, ಆ ವಿಡಿಯೋದಾಗ ಮಾತಾಡಿದ್ದು ಯಾರು?"

"ಯಾರೋ ಇರಬೇಕವಾ. ಮಂದಿ ಬಾಯಿ..."

"‘ನಾ ಬಲ್ಲೆ ಇಂಥಾವನ್ನ’ ಅಂತ ಈ ಜಗತ್ತಿನಾಗ ಒಬ್ಬರ ಅಂತಾರ."

ಅವಳು ಬ್ಯಾಂಕಿನ ಕೌಂಟರಿನ ದನಿಯಲ್ಲಿ, ಗ್ರಾಹಕನಿಗೆ ಹೇಳಿದಂತೆ ಹೇಳಿದಳು. ತಂಡಕ್ಕೆ ದುಡ್ಡು ಹಾಕುವ ಕಂಪನಿಯವರು ವಿಡಿಯೋ ನೋಡಿದ್ದಾರೆ. ಪರೀಕ್ಷೆಯ ವರದಿ ಬರುವವರೆಗೆ ಅವನನ್ನು ರೇಸಿಗೆ ಇಳಿಸಬೇಡಿ ಎಂದಿದ್ದಾರೆ. ನಾಳೆ ಅವನು ರೇಸಿನಲ್ಲಿ ಇಲ್ಲದಿರಬಹುದು. ಬರುವ ವರ್ಷ ಯಾರನ್ನು ಇಟ್ಟುಕೊಳ್ಳಬೇಕು ಎಂಬುದೂ ಈ ವಾರವೇ ತೀರ್ಮಾನ. "ಅದು ನಿನ್ನ ದನಿ ಅಂತ ನಾ ಅವಗ ಹೇಳಿಲ್ಲ. ಹೇಳೋದು ನಿನ್ನ ಕೆಲಸ," ಎಂದು ಫೋನು ಇಟ್ಟಳು.

ಅವರ ತಂಡ ಇಳಿದಿದ್ದ ಲಾಡ್ಜಿನ ಮುಂದೆ ಸೈಕಲ್ಲುಗಳನ್ನು ಸಾಬೂನು ಹಚ್ಚಿ ತೊಳೆಯುತ್ತಿದ್ದರು. ಅವನು ಒಬ್ಬನೇ ಮೆಟ್ಟಿಲ ಮೇಲೆ ಕೂತು ಬರೀ ಅನ್ನ ತಿನ್ನುತ್ತಿದ್ದ. ದೋಸ್ತ ಗೇಟಿನ ಹೊರಗೆ ನಿಂತು, "ನಾ ಇಲ್ಲೇ ಸ್ಕೂಟರ್ ಚಾಲೂ ಇಟ್ಟಿರ್ತೀನಿ," ಎಂದ.

ನಾನು ಯಾರೆಂದು ಹೇಳಿದ ಕೂಡಲೇ ಹುಡುಗ ಎದ್ದು ನಿಂತ. ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, "ಕುಂದರ್ರಿ," ಎಂದ. ನಾನು ಕೂರಲಿಲ್ಲ.

"ಆ ವಿಡಿಯೋದಾಗಿನ ಚಪ್ಪಲಿ ನನ್ನವು," ಎಂದೆ.

ಅವನು ನನ್ನ ಕಾಲು ನೋಡಿದ. ಬಹಳ ಹೊತ್ತು ನೋಡಿದ. ನಾನು ನಿಂತೇ ಎಲ್ಲ ಒದರಿಬಿಟ್ಟೆ. ಸಿಹಿ ಪಾಕ, ನೀರು, ಮೂತ್ರ, ಸಕ್ಕರೆ ಕಾಯಿಲೆ.

"ನನಗ ಶುಗರ್ ಐತಿ ಅಂತ ತಿಳಿದ್ರಿ?"

"ಹೂಂ."

ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ನಮ್ಮಪ್ಪ ಅದರಾಗ ಹೋದ್ರರಿ," ಎಂದ. "ಅದಕ್ಕ ಆರು ತಿಂಗಳಿಗೊಮ್ಮೆ ನಾನ ಚೆಕ್ ಮಾಡಸ್ತೇನಿ. ಸದ್ಯಕ್ಕ ಇಲ್ಲರಿ."

ನಾಚಿಕೆಯಿಂದ ನೆಲ ನೋಡುತ್ತಿದ್ದೆ ನಿಜ. ಆದರೆ ಅದೇ ಗಳಿಗೆಯಲ್ಲಿ ಒಳಗಿನ ಹಾಳು ಕೊಳವೆ ಮತ್ತೆ ಚೀಲಕ್ಕೆ ಚುಚ್ಚಿತು: ಹಾಗಾದರೆ ವಂಶದಲ್ಲಿ ಇದೆ! ಸದ್ಯಕ್ಕೆ ಇಲ್ಲ ಎಂದರೆ ಮುಂದೆ? ಇಷ್ಟಕ್ಕೇ ನಿಲ್ಲದೆ ಮೊಣಕೈ ವಿಷಯವನ್ನೂ ಕೇಳಿಬಿಟ್ಟೆ.

"ಮುಂದ ಇದ್ದಾವ ಗಾಳಿಗೆ ಎದಿ ಕೊಡ್ತಾನರಿ. ಹಿಂದಿನವ್ರಿಗೆ ಹಗುರಾಗ್ತದ. ನನ್ನ ಪಾಳಿ ಮುಗೀತು, ನೀವು ಬರ್ರಿ ಅನ್ನಾಕ ಮೊಣಕೈ ಅಲ್ಲಾಡಸ್ತೇವಿ."

"ಮತ್ತ ನೀವು ಗೆಲ್ಲೋದು ಯಾವಾಗ?"

"ಗೆಲ್ಲೋದು ನನ್ನ ಕೆಲಸ ಅಲ್ಲರಿ. ನಮ್ಮ ತಂಡದಾಗ ಗೆಲ್ಲಾವ ಬ್ಯಾರೆ ಇದ್ದಾನ. ಅವನನ್ನ ದಣೀಲಾರದಂಗ ಕಡೀತನಕ ಮುಟ್ಟಿಸೋದು ನನ್ನ ಕೆಲಸ."

"ಕಾಲು?"

ಈಗ ಸ್ವಲ್ಪ ನಕ್ಕ. "ಬಿದ್ದಾಗ ಗಾಯಕ್ಕ ಪಟ್ಟಿ ಹಚ್ಚಾಕ ಸರಳ ಆಗ್ತದರಿ."

"ಭಾಳ ಬೀಳ್ತೀರೇನು?" ಎಂದೆ. ಚಿಂತೆ ಎನ್ನುವುದು ನನಗೆ ಹೀಗೆ, ಒಂದು ಹೋದರೆ ಕುರ್ಚಿ ಬಿಸಿ ಆರುವುದರೊಳಗೆ ಇನ್ನೊಂದು ಬಂದು ಕೂರುತ್ತದೆ.

ಅವನೇ ನನ್ನನ್ನು ತಂಡದ ಮ್ಯಾನೇಜರರ ಹತ್ತಿರ ಕರೆದೊಯ್ದ. ಪುಣೆಯ ಕಡೆಯವರು. ನನ್ನ ಹರಕು ಮರಾಠಿಯಲ್ಲಿ ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ನನಗೆ ಹೇಳಿ ಏನು ಉಪಯೋಗ, ಹಬ್ಬಿಸಿದ ಜಾಗದಲ್ಲೇ ಹೋಗಿ ಹೇಳಿ, ಈ ಸಲ ಮುಖ ತೋರಿಸಿ ಹೇಳಿ ಎಂದರು. ಅದನ್ನು ಕಂಪನಿಗೆ ಕಳಿಸಿ ನೋಡುತ್ತೇನೆ, ಮಾತು ಕೊಡುವುದಿಲ್ಲ ಎಂದೂ ಸೇರಿಸಿದರು.

ಮರುದಿನ ಬೆಳಿಗ್ಗೆ ಸವದತ್ತಿಯಲ್ಲಿ, ರೇಸು ಹೊರಡುವ ಜಾಗದಲ್ಲಿ, ದೋಸ್ತ ಆ ವಿಡಿಯೋದವನನ್ನು ಹಿಡಿದು ತಂದ. ಅವನಿಗೆ ಹಬ್ಬವಾಯಿತು. ನನ್ನನ್ನು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ, "ಕಾಕಾ, ಸ್ವಲ್ಪ ಅಳ್ರಿ, ಮಂದಿ ನೋಡ್ತಾರ," ಎಂದ.

"ಅಳಾಕ ಬರೂದಿಲ್ಲಪಾ. ಬೆವರತೇನಿ, ಅದನ್ನ ತಗೋ," ಎಂದೆ.

ಕಿಸೆಯಿಂದ ನನ್ನ ಬಿ.ಪಿ. ಮಾತ್ರೆಯ ಹಾಳೆ ತೆಗೆದು ಎತ್ತಿ ಹಿಡಿದೆ. "ನಾ ಅಂದದ್ದು ಇಂಥಾ ಗುಳಿಗಿ. ಇದನ್ನ ತಗೊಳ್ಳಾವ ನಾನು. ಆ ಹುಡುಗ ಸಕ್ಕರಿ ಕಾಯಿಲೆದ ಗುಳಿಗಿ ತಗೋತಾನ ಅಂತ ತಿಳಿದೆ. ಅದೂ ಸುಳ್ಳ. ಆಟದ ಔಷಧದ ಬಗ್ಗೆ ನನಗ ಏನೇನೂ ಗೊತ್ತಿಲ್ಲ. ತಿಳೀಲಾರದ ಮಾತಾಡಿದೆ." ಸುತ್ತ ನಿಂತವರು ಹೋ ಎಂದು ನಕ್ಕರು. ಗುಳಿಗಿ ಕಾಕಾ ಎಂಬ ಹೆಸರು ನನಗೆ ಅಲ್ಲೇ ಬಿತ್ತು. ಮಾರುಕಟ್ಟೆಯ ಹಮಾಲರವರೆಗೂ ಅದು ಮುಟ್ಟಿದೆ, ಇನ್ನು ಅಳಿಯುವಂತಿಲ್ಲ.

ಮ್ಯಾನೇಜರರು ಹೊಸ ವಿಡಿಯೋವನ್ನು ಕಂಪನಿಗೆ ಕಳಿಸಿ, ಫೋನಿಗೆ ಕಿವಿ ಹಚ್ಚಿ ಅತ್ತಿತ್ತ ತಿರುಗುತ್ತಿದ್ದರು. ಹೊರಡಲು ಕೆಲವೇ ನಿಮಿಷ ಇರುವಾಗ ಹುಡುಗನ ಕಡೆ ಕೈ ಮಾಡಿದರು. ಅವನು ಶಿರಸ್ತ್ರಾಣ ಕಟ್ಟಿಕೊಂಡು ಗುಂಪಿನ ಹಿಂದೆ ಸೇರಿದ. ಕಂಪನಿಯವರು ಇಷ್ಟು ಬೇಗ ಹೇಗೆ ಒಪ್ಪಿದರು ಎಂಬ ಸಂಶಯ ನನಗೆ ಬಾರದೆ ಇರಲಿಲ್ಲ. ನನ್ನ ಬೆವರಿಗೆ ಅಷ್ಟು ಬೆಲೆ ಇತ್ತೇ, ಅಥವಾ ವಿಡಿಯೋ ನೋಡಿ ನಗುವವರ ಸಂಖ್ಯೆ ಅವರಿಗೆ ಲಾಭವಾಗಿ ಕಂಡಿತೇ?

ರಾಮದುರ್ಗದಲ್ಲಿ ಮುಕ್ತಾಯದ ಗೆರೆಯ ಹತ್ತಿರ ಮಗಳು ನನಗಿಂತ ಮೊದಲೇ ಬಂದು ನಿಂತಿದ್ದಳು. ಧಾರವಾಡದ ಬಸ್ಸಿನ ಧೂಳು ಇನ್ನೂ ಮೈಮೇಲಿತ್ತು. ನನ್ನನ್ನು ನೋಡಿ, "ಬಂದ್ರೇನು ಗುಳಿಗಿ ಕಾಕಾ," ಎಂದಳು. ಅವಳ ಅಮ್ಮನೇ ವಿಡಿಯೋ ಕಳಿಸಿದ್ದಳಂತೆ. ನಗುತ್ತಿದ್ದಳೋ ಸಿಟ್ಟಾಗಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು.

ಮೊದಲ ಗುಂಪು ಬಿರುಗಾಳಿಯ ಹಾಗೆ ಬಂದುಹೋಯಿತು. ಮೂವತ್ತೇಳರ ತಂಡದ ಒಬ್ಬ ಎರಡನೆಯವನಾಗಿ ಮುಟ್ಟಿದ ಎಂದು ಧ್ವನಿವರ್ಧಕ ಕೂಗಿತು. ಜನ ಕರಗತೊಡಗಿದರು. ಬಹಳ ಹೊತ್ತಿನ ಮೇಲೆ ಮೂವತ್ತೇಳು ಬಂದ. ಬೆವರು ಒಣಗಿ ಕರಿ ಅಂಗಿಯ ಮೇಲೆ ಉಪ್ಪು ಬಿಳಿ ಗೆರೆ ಎಳೆದಿತ್ತು. ಗೆರೆ ದಾಟಿ, ಸೈಕಲ್ಲಿನಿಂದ ಇಳಿಯಲೂ ಆಗದೆ ಬೇಲಿ ಹಿಡಿದು ನಿಂತ. ಎರಡನೆಯವನಾಗಿ ಬಂದವನು ಅಷ್ಟು ದೂರದಿಂದ ವಾಪಸು ನಡೆದು ಬಂದು ಅವನ ಕುತ್ತಿಗೆ ಹಿಡಿದು ಹಣೆಗೆ ಹಣೆ ಮುಟ್ಟಿಸಿ ಹೋದ.

ಮಗಳು ನನ್ನ ಕಡೆ ತಿರುಗಿದಳು.

"ಹೇಳು."

"ಆ ಪರೀಕ್ಷಾದ ರಿಪೋರ್ಟ್ ಬರಾಕ ಎಷ್ಟ ದಿನ ಅಂತ?" ಎಂದೆ. ಕೇಳಬಾರದಿತ್ತು. ನಾಲಿಗೆ ಕೇಳಿತು.

"ಮೂರು ವಾರ."

"ಮೂರು ವಾರ ಅಂದ್ರ ಏನು ಭಾಳ ಅಲ್ಲ..."

"ಅಪ್ಪಾ."

ವರದಿ ಆಮೇಲೆ ಬಂತು, ಅದರಲ್ಲಿ ಏನೂ ಇರಲಿಲ್ಲ. ಆದರೆ ಆ ಮಧ್ಯಾಹ್ನ ಅದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ತಂದೆಗೆ ಸಕ್ಕರೆ ಇತ್ತು, ಹುಡುಗ ಬೀಳುತ್ತಿರುತ್ತಾನೆ, ಎಂದೂ ಗೆಲ್ಲುವುದಿಲ್ಲ, ನೌಕರಿ ವರ್ಷದಿಂದ ವರ್ಷಕ್ಕೆ. ಮಾರುಕಟ್ಟೆಯಲ್ಲಾದರೆ ಇಂಥ ಚೀಲದ ಮುಂದೆ ಇನ್ನೂ ಒಂದು ಸಲ ಚುಚ್ಚದೆ ನಾನು ಸಹಿ ಹಾಕುವವನಲ್ಲ. ಹುಡುಗ ಬೇಲಿಯ ಆಚೆಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದ. ಏನು ನಡೆದಿದೆ ಎಂದು ಅವನಿಗೆ ತಿಳಿದಿತ್ತು. ಹತ್ತಿರ ಬರಲಿಲ್ಲ, ಮುಖ ತಿರುಗಿಸಲೂ ಇಲ್ಲ.

"ಹೂಂ," ಎಂದೆ.

ಅದೇ ಹೊತ್ತಿಗೆ ಧ್ವನಿವರ್ಧಕ ಬಹುಮಾನದವರ ಹೆಸರು ಅರಚತೊಡಗಿತು. ಮಗಳು ಕಿವಿ ಹತ್ತಿರ ತಂದಳು. "ಏನಂದಿ? ಕೇಳ್ಸಲಿಲ್ಲ."

"ಹೂಂ ಅಂದೆ."

"ಆಂ?"

ಅವಳಿಗೆ ಮೊದಲ ಸಲವೇ ಕೇಳಿಸಿತ್ತು, ಬೇಕೆಂದೇ ಸತಾಯಿಸಿದಳು ಎಂಬ ಗುಮಾನಿ ನನಗಿದೆ. ಕೇಳಿದರೆ ಇಂದಿಗೂ ಒಪ್ಪುವುದಿಲ್ಲ. ಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಿ.ಪಿ. ಏರಿದರೆ ಏರಲಿ ಎಂದು, ಗಂಟಲು ಹರಿಯುವಂತೆ ಕೂಗಿದೆ.

"ಹೂಂ ಅಂದೇನವಾ! ಹೂಂ!"

ಧ್ವನಿವರ್ಧಕದವನು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದ. ಬೇಲಿಯ ಆಚೆ ಹುಡುಗ ನಿಧಾನಕ್ಕೆ ಸೈಕಲ್ಲಿನಿಂದ ಇಳಿದ.